ನೆಲಮಾಳಿಗೆಯಲ್ಲಿ ಸಾಸಿವೆ

ಹ್ಯೂಸ್ಟನ್ ಬಿಟ್ಟಾಗಿನಿಂದ ಜಯಂತ ಮೂರು ಸಲ ಬಾಯಿ ತೆರೆದು ಮೂರು ಸಲವೂ ಬೇರೇನನ್ನೋ ಹೇಳಿದ್ದ. ಕೊಲಂಬಸ್ ಹತ್ತಿರ, ಗ್ಯಾಸ್ ಹಾಕಿಸೋಣವಾ ಎಂದ. ಟ್ಯಾಂಕು ಮುಕ್ಕಾಲು ತುಂಬಿತ್ತು. ಲಾ ಗ್ರೇಂಜ್ ದಾಟಿದ ಮೇಲೆ, ಈ ಸಲ ಬ್ಲೂಬಾನೆಟ್ ಹೂ ಬೇಗ ಬಂದಿದೆ ಎಂದ. ಪ್ರತಿ ವರ್ಷವೂ ಅವು ಮಾರ್ಚ್ ಕೊನೆಗೇ ರಸ್ತೆಯ ಎರಡೂ ಬದಿ ನೀಲಿ ಮಾಡುತ್ತವೆಂಬುದು ಅವನಿಗೆ ಗೊತ್ತಿತ್ತು. ಆಸ್ಟಿನ್ ಹಿಂದೆ ಬಿದ್ದು ರಸ್ತೆ ಗುಡ್ಡಗಳ ನಡುವೆ ಏರಿಳಿಯತೊಡಗಿದಾಗ, ಸರೋಜಾ ಎಂದ. ಪಕ್ಕದ ಸೀಟಿನಲ್ಲಿ ಮಡಿಲ ಮೇಲೆ ಚೀಟಿಗಳನ್ನು ಹರಡಿಕೊಂಡು ತಾರೀಖು ಬರೆಯುತ್ತಿದ್ದ ಹೆಂಡತಿ ತಲೆ ಎತ್ತಿದಳು. ಎ.ಸಿ. ಜಾಸ್ತಿ ಆಯಿತಾ ಎಂದು ಕೇಳಿದ. ಇಲ್ಲ ಎಂದು ಅವಳು ಮತ್ತೆ ಬರೆಯತೊಡಗಿದಳು. ಹೇಳಬೇಕಾಗಿದ್ದ ಮಾತು ಚಿಕ್ಕದು. ನಾಲ್ಕು ವರ್ಷದಿಂದ ನನಗೆ ಯಾವ ವಾಸನೆಯೂ ಬರುತ್ತಿಲ್ಲ. ಇಷ್ಟೇ. ಆದರೆ ಡಿಕ್ಕಿಯಲ್ಲಿ ಪುಳಿಯೋಗರೆ ಗೊಜ್ಜಿನ ನಲವತ್ತೆಂಟು ದೊಡ್ಡ ಜಾಡಿಗಳು ಟವೆಲ್ ಸುತ್ತಿಕೊಂಡು ಕೂತಿದ್ದವು. ಮುಂದಿನ ಶನಿವಾರ ಡಲ್ಲಾಸ್ ಕಡೆಯ ಕನ್ನಡದವರು ಮುನ್ನೂರು ಜನ ಸೇರಿ ಮಾಡುವ ಯುಗಾದಿ ಊಟಕ್ಕೆ ಅವು ಹೋಗಬೇಕು. ಆ ಗೊಜ್ಜು ಸರಿಯಾಗಿದೆ ಎಂದು ಹೇಳಿದವನು ಇವನೊಬ್ಬನೇ.

ಸರೋಜಾ ತಾನು ಮಾಡಿದ ಅಡುಗೆಯನ್ನು ತಾನು ಮೊದಲು ರುಚಿ ನೋಡುವವಳಲ್ಲ, ಮೂಸುವವಳೂ ಅಲ್ಲ. ಅವಳ ತವರಿನಲ್ಲಿ ಅಡುಗೆಯೆಂದರೆ ಮೊದಲು ನೈವೇದ್ಯ. ಮೂಸಿದ ಹೂವು ದೇವರಿಗಲ್ಲ, ಮೂಸಿದ ಅನ್ನವೂ ದೇವರಿಗಲ್ಲ. ಅಮೆರಿಕಕ್ಕೆ ಬಂದು ಇಪ್ಪತ್ತಾರು ವರ್ಷವಾದ ಮೇಲೆ ಮಡಿ ಹೋಯಿತು, ದೇವರಮನೆ ಕಪಾಟಿನೊಳಗೆ ಹೋಯಿತು, ಈ ಒಂದು ಅಭ್ಯಾಸ ಮಾತ್ರ ಕೈಗಳಲ್ಲಿ ಉಳಿದುಬಿಟ್ಟಿತು. ಕಿವಿಯಿಂದ ಸಾಸಿವೆ ನೋಡುತ್ತಾಳೆ, ಕಣ್ಣಿನಿಂದ ಮೆಂತ್ಯ ನೋಡುತ್ತಾಳೆ, ಹುಣಿಸೆರಸ ಕುದಿದು ಕುದಿದು ಬಾಣಲೆಯ ಅಂಚಿನಲ್ಲಿ ಎಣ್ಣೆ ಬಿಟ್ಟುಕೊಂಡ ಕ್ಷಣಕ್ಕೆ ಒಲೆ ಆರಿಸುತ್ತಾಳೆ. ಆಮೇಲೆ ಒಂದು ಚಮಚ ಗೊಜ್ಜು ಎತ್ತಿಕೊಂಡು ಜಯಂತನ ಎದುರು ಬಂದು ನಿಲ್ಲುತ್ತಾಳೆ. ಅವನು ಮೂಸಿ, ನೆಕ್ಕಿ, ಹೇಳಬೇಕು. ಈ ಸಲ ಯಾವಾಗಲೂ ತರುವ ಎಳ್ಳೆಣ್ಣೆ ಅಂಗಡಿಯಲ್ಲಿರಲಿಲ್ಲ. ಬೇರೆ ಡಬ್ಬ ತಂದಿದ್ದಳು. ಎಣ್ಣೆ ಕಮಟಿಲ್ಲ ತಾನೇ ಎಂದು ಎರಡು ಸಲ ಕೇಳಿದಳು. ಹುಳಿ, ಉಪ್ಪು, ಬೆಲ್ಲ, ಖಾರ ಇವನ ನಾಲಿಗೆಗೆ ಈಗಲೂ ಸಿಗುತ್ತವೆ. ಎಣ್ಣೆಯ ಕಮಟು, ಇಂಗಿನ ಘಾಟು, ಸೀದ ಮೆಂತ್ಯ ಸಿಗುವುದಿಲ್ಲ. ಘಮ ಘಮ ಅಂತಿದೆ ಎಂದ. ಎರಡು ಸಲವೂ.

ಇಪ್ಪತ್ತೊಂದನೇ ಇಸವಿಯ ಜನವರಿಯಲ್ಲಿ ಮೂರು ದಿನ ಜ್ವರ ಬಂದು, ಅತಿಥಿಗಳ ಕೋಣೆಯಲ್ಲಿ ಒಬ್ಬನೇ ಮಲಗಿದ್ದು, ನಾಲ್ಕನೆಯ ಬೆಳಗ್ಗೆ ಬಾಗಿಲ ಹೊರಗೆ ಅವಳು ಇಟ್ಟುಹೋದ ಕಾಫಿ ಕುಡಿದಾಗ ಅದು ಬಿಸಿಯಾಗಿತ್ತು, ಕಹಿಯಾಗಿತ್ತು, ಕಾಫಿಯಾಗಿರಲಿಲ್ಲ. ಡಿಕಾಕ್ಷನ್ ಹಾಕುವುದನ್ನೇ ಮರೆತಿದ್ದಾಳೆಂದು ಲೋಟ ಬಗ್ಗಿಸಿ ನೋಡಿದ. ಎಲ್ಲರಿಗೂ ಹೋಗುತ್ತದೆ, ಬರುತ್ತದೆ ಎಂದುಕೊಂಡ. ಎಂಟನೆಯ ದಿನ ಅವಳು ಮೊದಲ ಸಲ ಆ ಚಮಚ ಹಿಡಿದು ಬಂದಳು. ಅವಳು ಹನ್ನೊಂದು ವರ್ಷ ಕೆಲಸ ಮಾಡಿದ ಮಕ್ಕಳ ಶಾಲೆ ಮುಚ್ಚಿ ಆಗ ಐದು ವಾರವಾಗಿತ್ತು. ನೀವು ಚೆನ್ನಾಗಿದೆ ಅಂದರೆ ಮಾತ್ರ ಇದನ್ನು ನಾಲ್ಕು ಜನಕ್ಕೆ ಮಾಡಿಕೊಡುತ್ತೇನೆ, ಇಲ್ಲದಿದ್ದರೆ ಸುಮ್ಮನಾಗುತ್ತೇನೆ ಎಂದಳು. ಮಾಸ್ಕಿನ ಮೇಲೆ ಅವಳ ಕಣ್ಣು ಮಾತ್ರ ಕಾಣುತ್ತಿದ್ದವು. ಆ ಕಣ್ಣುಗಳ ಎದುರು ನನಗೆ ಮೂಗಿಲ್ಲ ಎನ್ನುವುದು ಹೇಗೆ? ಅಂದು ಹೇಳಿದ ‘ಘಮ ಘಮ’ದ ಮೇಲೆ ಇಂದಿನವರೆಗೆ ಒಂದರ ಮೇಲೊಂದು ಜಾಡಿ ಕೂತಿದೆ. ಅವನೇನೂ ಸುಮ್ಮನೆ ಕೂರಲಿಲ್ಲ. ತೈಲ ಕಂಪನಿಗಳ ಬೀದಿಯಾದ ಎನರ್ಜಿ ಕಾರಿಡಾರ್‌ನ ಆಫೀಸಿನಲ್ಲಿ ಅವನ ಮೇಜಿನ ಕೆಳಗಿನ ಡ್ರಾಯರಿನಲ್ಲಿ ಡಾಕ್ಟರು ಹೇಳಿದ ನಾಲ್ಕು ಸೀಸೆಗಳಿದ್ದವು: ಗುಲಾಬಿ, ನಿಂಬೆ, ಲವಂಗ, ನೀಲಗಿರಿ. ದಿನಕ್ಕೆರಡು ಸಲ, ಒಂದೊಂದನ್ನೂ ಇಪ್ಪತ್ತು ಸೆಕೆಂಡು, ಹದಿಮೂರು ತಿಂಗಳು ಮೂಸಿದ. ಗಾಜಿನ ತಣ್ಣಗಿನ ಬಾಯಿ ಬಿಟ್ಟು ಬೇರೇನೂ ಬರಲಿಲ್ಲ. ಅವನ ಕೆಲಸವೋ, ತೈಲ ಕಂಪನಿಗಳಿಗೆ ಅನಿಲ ಸೋರಿಕೆ ಪತ್ತೆ ಮಾಡುವ ಉಪಕರಣಗಳನ್ನು ಪರೀಕ್ಷಿಸುವುದು. ಮನುಷ್ಯರ ಮೂಗನ್ನು ನಂಬಬೇಡಿ ಎಂಬುದು ಅವನು ಪ್ರತಿ ತರಬೇತಿಯಲ್ಲೂ ಹೇಳುತ್ತಿದ್ದ ಮೊದಲ ವಾಕ್ಯ. ಮನೆಯ ಅಡುಗೆಮನೆಯಲ್ಲಿ ಎರಡು ಗ್ಯಾಸ್ ಅಲಾರಂ ಹಾಕಿಸಿ, ಇನ್ಶೂರೆನ್ಸ್‌ನವರ ನಿಯಮ ಎಂದಿದ್ದ. ಸುಳ್ಳಿಗೆ ಕಾವಲಾಗಿ ಇನ್ನೊಂದು ಸುಳ್ಳು ಗೋಡೆಯ ಮೇಲೆ ಹಸಿರು ದೀಪ ಮಿನುಗಿಸುತ್ತ ಕೂತಿತ್ತು.

ಸುಣ್ಣದ ಕಲ್ಲಿನ ಹಳೆಯ ಕಟ್ಟಡದ ಮುಂದೆ ಮಹಾಂತಪ್ಪ ಅವರಿಗಿಂತ ಮೊದಲೇ ಬಂದು ನಿಂತಿದ್ದ. ಡಲ್ಲಾಸ್ ಪಕ್ಕದ ಪ್ರಾಸ್ಪರ್‌ನ ತನ್ನ ಮನೆಯಿಂದ ಹೊರಟು ದಕ್ಷಿಣಕ್ಕೆ ನಾಲ್ಕೂವರೆ ಗಂಟೆ ಡ್ರೈವ್ ಮಾಡಿ ಬಂದಿದ್ದ. ಯುಗಾದಿ ಊಟದ ಹೊಣೆ ಅವನದು. ಜಾಡಿಗಳನ್ನು ಎಲ್ಲಾದರೂ ಅರ್ಧದಾರಿಯಲ್ಲಿ ಕೈಬದಲು ಮಾಡಿಕೊಳ್ಳೋಣ ಎಂದಾಗ, ಇಬ್ಬರಿಗೂ ಸುತ್ತಾದರೂ, ಈ ಜಾಗ ಆರಿಸಿದವನೂ ಅವನೇ. ವಿಜಯಪುರದ ಕಡೆ ಅವರ ಮನೆತನಕ್ಕೆ ಹದಿನಾಲ್ಕು ಎಕರೆ ದ್ರಾಕ್ಷಿ. ನೂರ ನಲವತ್ತು ವರ್ಷದ ಹಳೆಯ ನೆಲಮಾಳಿಗೆ, ಅದರೊಳಗೆ ಬುರುಗು ಬರುವ ವೈನು, ಟೆಕ್ಸಾಸಿನಲ್ಲಿ ಇಂಥದ್ದು ಇದೊಂದೇ ಎಂದು ಯಾರೋ ಹೇಳಿದ್ದು ಅವನ ತಲೆಯಲ್ಲಿ ಕೂತಿತ್ತು.

“ಬರ್ರಿ ಬರ್ರಿ, ಹ್ಯೂಸ್ಟನ್ ಮಂದಿ,” ಎಂದ. “ಸರೋಜಕ್ಕಾರ, ಮಾಲು ಬಂದದಿಲ್ರೀ?”

“ನಲವತ್ತೆಂಟೂ ಬಂದಿದೆ. ಈಗಲೇ ಎತ್ತಿಟ್ಕೋತೀರಾ?”

“ಆಮೇಲೆ ಎತ್ತೋಣ್ರಿ. ಮೊದಲು ಕೆಳಗ ಇಳಿಯೂಣು. ನಮ್ಮಪ್ಪ ಜೀವನಪೂರ್ತಿ ದ್ರಾಕ್ಷಿ ಬೆಳದು ಒಣದ್ರಾಕ್ಷಿ ಮಾಡಿದ. ವೈನಿನವ್ರು ಬಂದ್ರ ನಾಯಿ ಬಿಡತಿದ್ದ. ಅದರಾಗ ಅಂಥಾದ್ದೇನೈತಿ ಅಂತ ನಾನಾದರೂ ನೋಡಬೇಕಲ್ರೀ.”

“ನೋಡೂದಲ್ರೀ, ಕುಡಿಯೂದು,” ಎಂದಳು ಅವನ ಹೆಂಡತಿ ದಾಕ್ಷಾಯಣಿ. “ಖರೇ ಹೇಳ್ರಿ. ಹೊಳ್ಳಿ ಹೋಗುವಾಗ ನಾನಽ ಡ್ರೈವ್ ಮಾಡಬೇಕು ಅಂತ ನಿನ್ನೆನೇ ಹೇಳ್ಯಾರ.”

ಹಾಗಾದರೆ ಇನ್ನು ಒಂದು ಗಂಟೆ ಇದೆ ಎಂದು ಜಯಂತ ಲೆಕ್ಕ ಹಾಕಿದ. ಕೆಳಗಿಳಿದು ಮೇಲೆ ಬರುವಷ್ಟು. ಜಾಡಿಗಳು ಈ ಡಿಕ್ಕಿಯಿಂದ ಆ ಡಿಕ್ಕಿಗೆ ದಾಟುವ ಮುನ್ನ.

ನಲವತ್ತೊಂದು ಮೆಟ್ಟಿಲು. ಎಣಿಸುವುದು ಅವನ ರೂಢಿ. ಮೇಲೆ ಎಂಬತ್ತೈದು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲಿತ್ತು, ಇಪ್ಪತ್ತನೆಯ ಮೆಟ್ಟಿಲಿಗೆ ತೋಳಿನ ರೋಮ ಎದ್ದವು, ಕೊನೆಯ ಮೆಟ್ಟಿಲಿಗೆ ಸರೋಜಾ ಸೆರಗು ಹೊದ್ದುಕೊಂಡಳು. ಕರೆದುಕೊಂಡು ಹೋಗುತ್ತಿದ್ದವಳು ಲೊರೇನ್ ಎಂಬ ಅರವತ್ತೈದು ದಾಟಿದ ಹೆಂಗಸು, ಈ ಮನೆತನದ ಐದನೆಯ ತಲೆಮಾರಿನವಳು, ಅಗಲವಾದ ಮಣಿಕಟ್ಟು, ಗಂಡಸರ ಬೂಟು. ಜರ್ಮನಿಯಿಂದ ಬಂದ ತನ್ನ ಮುತ್ತಜ್ಜನ ಅಪ್ಪ ಇಬ್ಬರು ಕಲ್ಲುಕುಟಿಗರನ್ನು ಇಟ್ಟುಕೊಂಡು ಆರು ಚಳಿಗಾಲ ಇದನ್ನು ಕೊರೆದ ಎಂದಳು. ಮದ್ಯ ನಿಷೇಧವಿದ್ದ ಹದಿಮೂರು ವರ್ಷ ಇಲ್ಲಿ ವಿನೆಗರ್ ಇಟ್ಟಿದ್ದರಂತೆ. ಅದರ ವಾಸನೆ ಗೋಡೆ ಬಿಡುವುದಕ್ಕೆ ಇನ್ನೂ ಹದಿಮೂರು ವರ್ಷ ಬೇಕಾಯಿತಂತೆ. ಈ ನೆಲ ತಾನಾಗಿ ಇಷ್ಟು ತಂಪಿರುವುದಿಲ್ಲ, ಯಂತ್ರದ ಸಹಾಯ ಇದೆ ಎಂದು ಅವಳೇ ಹೇಳಿದ್ದು ಜಯಂತನಿಗೆ ಹಿಡಿಸಿತು. ಉದ್ದಕ್ಕೂ ಕಮಾನಿನ ಸುರಂಗ, ಎರಡೂ ಬದಿ ಮರದ ಹಲಗೆಗಳಲ್ಲಿ ಕತ್ತು ಕೆಳಗೆ ಮಾಡಿ ಸಿಕ್ಕಿಸಿದ ಸಾವಿರಾರು ಬಾಟಲಿಗಳು. ಒಂದೊಂದರ ಒಳಗೂ ಕಾರಿನ ಟೈರಿನ ಮೂರರಷ್ಟು ಒತ್ತಡ. ಹಿಂದೆ ಇಲ್ಲಿ ಕೆಲಸ ಮಾಡುವವರು ತಂತಿಯ ಮುಖವಾಡ ಹಾಕಿಕೊಳ್ಳುತ್ತಿದ್ದರಂತೆ. ಒಂದು ಒಡೆದರೆ ಪಕ್ಕದ್ದೂ ಒಡೆಯುತ್ತಿತ್ತು. ಜಯಂತನ ಕಣ್ಣು ಗೋಡೆಯ ಮೇಲಿದ್ದ ಬಿಳಿಯ ಪೆಟ್ಟಿಗೆಗೆ ಹೋಯಿತು. ಇಂಗಾಲದ ಡೈಆಕ್ಸೈಡ್ ಪತ್ತೆಯ ಉಪಕರಣ, ಅವನು ಬಲ್ಲ ಮಾದರಿಯೇ. ಹತ್ತಿರ ಹೋಗಿ ಚೀಟಿ ಓದಿದ. ತಪಾಸಣೆ ಸರಿಯಾಗಿತ್ತು. ಊರಿನವರೊಬ್ಬರು ಪರದೇಶದ ಸ್ಟೇಷನ್ನಿನಲ್ಲಿ ಸಿಕ್ಕಂತೆ ಸಮಾಧಾನವಾಯಿತು.

ಅಲ್ಲಿ ನಿಂತಿದ್ದೇ ತಪ್ಪಾಯಿತು. ಲೊರೇನ್ ದೀಪ ಆರಿಸಿದಳು. ಕಣ್ಣು ಮುಚ್ಚಿ ಮೂರು ಸಲ ನಿಧಾನ ಉಸಿರೆಳೆದುಕೊಳ್ಳಿ, ಆಮೇಲೆ ನನಗೆ ಹೇಳಿ, ಇಲ್ಲಿ ಏನು ವಾಸನೆ ಬರುತ್ತಿದೆ ಎಂದಳು. ಕತ್ತಲಲ್ಲಿ ನಾಲ್ವರ ಉಸಿರು ಕೇಳಿಸಿತು. ಇಂಥ ಗಳಿಗೆಗಳಿಗೆ ಜಯಂತ ಒಂದು ಉಪಾಯ ಮಾಡಿಕೊಂಡಿದ್ದ: ಎಲ್ಲರೂ ಹೇಳಲಿ ಎಂದು ಕಾಯುವುದು, ಕೊನೆಗೆ ಅವರ ಮಾತನ್ನೇ ತಿರುಗಿಸಿ ಹೇಳುವುದು. ಮಲ್ಲಿಗೆ ಎಂದರೆ ಹೌದು, ಮೊಗ್ಗಿನ ಮಲ್ಲಿಗೆ. ಹೊಸ ಪೇಂಟು ಎಂದರೆ ಹೌದು, ನಿನ್ನೆ ಬಳಿದ ಹಾಗಿದೆ. ಈ ಉಪಾಯದಿಂದ ನಾಲ್ಕು ವರ್ಷ ಅವನು ಗೆಳೆಯರ ನಡುವೆ ಸೂಕ್ಷ್ಮ ಮೂಗಿನವನೆಂದೇ ಹೆಸರು ಪಡೆದಿದ್ದ. ದೀಪ ಹತ್ತಿತು. ಲೊರೇನ್ ತನಗೆ ಎಲ್ಲರಿಗಿಂತ ಹತ್ತಿರ, ಆ ಬಿಳಿ ಪೆಟ್ಟಿಗೆಯ ಕೆಳಗೆ ನಿಂತಿದ್ದವನ ಕಡೆ ಕೈ ಮಾಡಿದಳು. ಮೊದಲು ನೀವು.

ಜಯಂತ ಬಾಯಿ ತೆರೆದ. ಚಿಕ್ಕವನಿದ್ದಾಗ ಪೂಜೆಯ ಬುಟ್ಟಿಯಿಂದ ಸಂಪಿಗೆ ಎತ್ತಿ ಮೂಸಿದ್ದಕ್ಕೆ ಅಜ್ಜಿ ಇಡೀ ಬುಟ್ಟಿಯನ್ನು ಬಾವಿಕಟ್ಟೆಯ ಆಚೆ ಸುರಿದು ಬಂದಿದ್ದಳು. ಈಗ ತಾನು ಎಷ್ಟು ಹೂ ಮೂಸಿದರೂ ಮೂಸಿದಂತಲ್ಲ, ಅಜ್ಜಿ ಇದ್ದಿದ್ದರೆ ಮೊಮ್ಮಗ ಕೊನೆಗೂ ಮಡಿಯಾದ ಎಂದು ಸಂತೋಷಪಡುತ್ತಿದ್ದಳೇನೋ ಎಂಬ ಅಸಂಬದ್ಧ ಯೋಚನೆ ಬಂದು, ಅದರ ಹಿಂದೆಯೇ, ಅವನ ಅನುಮತಿ ಕೇಳದೆ, ಒಂದು ಶಬ್ದ ಹೊರಬಿತ್ತು.

“ಸಾಸಿವೆ,” ಎಂದ. ಆಮೇಲೆ ಇಂಗ್ಲಿಷಿನಲ್ಲಿ, ಕಾದ ಎಣ್ಣೆಯಲ್ಲಿ ಸಿಡಿಯುವ ಸಾಸಿವೆ ಎಂದು ಬಿಡಿಸಿ ಹೇಳಿದ.

ಲೊರೇನ್ ನಗಲಿಲ್ಲ. ತಲೆ ಓರೆ ಮಾಡಿ ಗಾಳಿ ಎಳೆದುಕೊಂಡಳು. ಮೂವತ್ತು ವರ್ಷದಿಂದ ಜನರನ್ನು ಇಲ್ಲಿಗೆ ಕರೆತರುತ್ತಿದ್ದೇನೆ, ಬ್ರೆಡ್ಡು ಎಂದಿದ್ದಾರೆ, ಹಸಿ ಸೇಬು ಎಂದಿದ್ದಾರೆ, ಒಬ್ಬರು ಚರ್ಚು ಎಂದಿದ್ದರು, ಇದನ್ನು ಯಾರೂ ಹೇಳಿರಲಿಲ್ಲ, ಆದರೆ ನೀವು ಹೇಳಿದ ಮೇಲೆ ಏನೋ ಇದೆ ಎಂದಳು. ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಂಡಳು.

“ಹೌದ್ರಿ,” ಎಂದಳು ದಾಕ್ಷಾಯಣಿ. “ನನಗೂ ಬರಾಕತ್ತೇತಿ.”

“ನನಗ ಕರಿಬೇವೂ ಬರಾಕತ್ತೇತಿ,” ಎಂದ ಮಹಾಂತಪ್ಪ. “ಹಸಿವಿಗೇನೋ ಮತ್ತ.”

ಸರೋಜಾ ಮಾತ್ರ ಗಂಡನ ಮುಖವನ್ನೇ ನೋಡುತ್ತಿದ್ದಳು. “ಸಾಸಿವೆ ಎಲ್ಲಿದೆ ರೀ ಇಲ್ಲಿ?” ಎಂದಳು, ಅವನಿಗೊಬ್ಬನಿಗೆ ಕೇಳುವಷ್ಟು ಮೆಲ್ಲಗೆ. “ಒದ್ದೆ ಸುಣ್ಣದ ವಾಸನೆ. ದೋಸೆ ಹಿಟ್ಟು ಉಕ್ಕಿದ ವಾಸನೆ. ಸಾಸಿವೆ ಇಲ್ವೇ ಇಲ್ಲ.”

“ಇರಬಹುದು,” ಎಂದ. ಬೇಸಿಗೆಯಲ್ಲಿ ಹಿಟ್ಟು ಉಕ್ಕಿ ಪಾತ್ರೆಯಿಂದ ಕಟ್ಟೆಗೆ ಇಳಿಯುತ್ತಿದ್ದುದು ಕಣ್ಣಿಗೆ ಬಂತು, ಅದಕ್ಕೊಂದು ವಾಸನೆ ಇತ್ತು ಎಂಬುದು ನೆನಪಿಗೆ ಬಂತು, ವಾಸನೆ ಬರಲಿಲ್ಲ. ಕಿವಿ ಬಿಸಿಯಾಗುತ್ತಿದ್ದವು. ಆದರೆ ವಿಚಿತ್ರವೆಂದರೆ, ಆ ನಾಚಿಕೆಯ ಅಡಿಯಲ್ಲಿ ಎಲ್ಲೋ ನಗು ಬರುತ್ತಿತ್ತು. ಇಷ್ಟು ಶುದ್ಧವಾದ, ಇಷ್ಟು ಪೂರ್ತಿ ಆಧಾರವಿಲ್ಲದ ಸುಳ್ಳನ್ನು ಅವನು ಈವರೆಗೆ ಹೇಳಿರಲಿಲ್ಲ, ಮತ್ತು ಅದನ್ನು ನೂರ ನಲವತ್ತು ವರ್ಷದ ಮನೆತನವೊಂದು ದಾಖಲೆ ಮಾಡಿಕೊಂಡಿತ್ತು.

ಲೊರೇನ್ ಹಲಗೆಯ ಮುಂದೆ ನಿಂತು ಎರಡೂ ಕೈ ಚಾಚಿ ಎರಡು ಬಾಟಲಿಗಳ ತಳ ಹಿಡಿದಳು. ಚಕ್ಕನೆ ಒಂದು ತಿರುವು, ಎಂಟರಲ್ಲಿ ಒಂದು ಪಾಲು ಮಾತ್ರ, ಬಿಟ್ಟಳು, ಪಕ್ಕದ ಎರಡು ಹಿಡಿದಳು. ಪ್ರತಿಯೊಂದರ ತಳದಲ್ಲೂ ಬಿಳಿ ಬಣ್ಣದ ಒಂದು ಗೀಟು. ಎಷ್ಟು ತಿರುಗಿತು ಎಂಬ ಗುರುತು. ಟಕ್ ಟಕ್, ಟಕ್ ಟಕ್ ಎಂಬ ಸದ್ದು ಸುರಂಗದ ತುದಿಯವರೆಗೆ ಹೋಗಿ ಬರುತ್ತಿತ್ತು. ದಿನವೂ ಹೀಗೆ ತಿರುಗಿಸುತ್ತ ಸ್ವಲ್ಪ ಸ್ವಲ್ಪ ಬಗ್ಗಿಸುತ್ತ ಬಂದರೆ ಒಳಗಿನ ಗಸಿಯೆಲ್ಲ ಜಾರಿ ಕತ್ತಿನಲ್ಲಿ ಸೇರುತ್ತದೆ. ಈಗ ಇದನ್ನೆಲ್ಲ ಯಂತ್ರಗಳೇ ಮಾಡುತ್ತವೆ, ಈ ಒಂದು ಸಾಲು ಮಾತ್ರ ನನ್ನ ಕೈಗೆ ಉಳಿಸಿಕೊಂಡಿದ್ದೇನೆ ಎಂದಳು. ಸರೋಜಾ ಆ ಮಣಿಕಟ್ಟನ್ನು ಕಣ್ಣಿಟ್ಟು ನೋಡುತ್ತಿದ್ದಳು. ಮನೆಯಲ್ಲಿ ಅವಳು ಹೋಳಿಗೆಯ ಹೂರಣ ತಿರುವುವಾಗ ಅವಳ ಕೈ ಹೀಗೇ ನೋಡದೆ ನೋಡುತ್ತದೆ ಎಂದು ಜಯಂತನಿಗೆ ಅನ್ನಿಸಿತು. ಅವಳ ಇಂಗ್ಲಿಷ್ ಸಾಮಾನ್ಯವಾಗಿ ಹೊರಗಿನವರ ಎದುರು ಗಂಟಲಲ್ಲಿ ನಿಲ್ಲುತ್ತಿತ್ತು, ಈಗ ನಿಲ್ಲಲಿಲ್ಲ.

ಇದರ ರುಚಿ ನೀವು ಯಾವಾಗ ನೋಡುತ್ತೀರಿ ಎಂದು ಕೇಳಿದಳು.

ನೋಡುವುದೇ ಇಲ್ಲ ಎಂದಳು ಲೊರೇನ್. ಮೂರು ವರ್ಷ ಮುಚ್ಚಿರುತ್ತದೆ. ತೆರೆದರೆ ಹೋಯಿತು. ಕೈಗೆ ತೂಕ ಗೊತ್ತಾಗುತ್ತದೆ, ದೀಪದ ಎದುರು ಹಿಡಿದರೆ ಗಸಿ ಕಾಣುತ್ತದೆ, ಅಷ್ಟೇ. ತೆಗೆದ ದಿನ ನನ್ನ ತಮ್ಮ ಮೂಸುತ್ತಾನೆ. ಅವನು ಸರಿ ಅಂದರೆ ಸರಿ.

“ನಮ್ಮ ಮನೇಲೂ ಹಾಗೇ,” ಎಂದಳು ಸರೋಜಾ, ಇಂಗ್ಲಿಷಿನಲ್ಲಿ, ಮುಖವೆಲ್ಲ ಬೆಳಕಾಗಿ. ಗಂಡನ ತೋಳು ಹಿಡಿದು ಒಂದು ಹೆಜ್ಜೆ ಮುಂದಕ್ಕೆ ತಂದಳು. “ನಮ್ಮ ಮೂಗು ಇವರು.”

ನಾಲ್ಕು ವರ್ಷದಲ್ಲಿ ಅವಳು ಅವನನ್ನು ಯಾರಿಗೂ ಹೀಗೆ ಪರಿಚಯ ಮಾಡಿಕೊಟ್ಟಿರಲಿಲ್ಲ. ಇಂಜಿನಿಯರ್ ಎಂದಿದ್ದಾಳೆ, ನಮ್ಮ ಯಜಮಾನರು ಎಂದಿದ್ದಾಳೆ. ಈ ಹೊಸ ಹುದ್ದೆ ಅವಳು ಎಷ್ಟು ದಿನದಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳೋ. ಮೇಲೆ, ಬಿಸಿಲಿನಲ್ಲಿ, ಡಿಕ್ಕಿಯೊಳಗೆ ಹೊಸ ಡಬ್ಬದ ಎಣ್ಣೆ ನಲವತ್ತೆಂಟು ಜಾಡಿಗಳಲ್ಲಿ ಮೇಲೆ ತೇಲುತ್ತಿರಬೇಕು. ಮುನ್ನೂರು ಎಲೆ. ಮೊದಲ ತುತ್ತಿಗೆ ಮುನ್ನೂರು ಜನ ಮೂಗು ಕಿವುಚಿ ಒಬ್ಬರನ್ನೊಬ್ಬರು ನೋಡುವುದನ್ನು, ಮೈಕಿನ ಹಿಂದೆ ಯಾರೋ ಸುಮ್ಮನಾಗುವುದನ್ನು ಅವನು ಕಂಡ.

ಆಗ ಲೊರೇನ್ ಹಲಗೆಯಿಂದ ಒಂದು ಬಾಟಲಿ ಎತ್ತಿಕೊಂಡಳು. ಹಳೆಯ ಕ್ರಮದಲ್ಲಿ, ಕೈಯಲ್ಲೇ ಇದನ್ನು ತೆರೆದು ತೋರಿಸುತ್ತೇನೆ ಎಂದಳು. ಚರ್ಮದ ಏಪ್ರನ್ ಕಟ್ಟಿಕೊಂಡು ಪೀಪಾಯಿಯ ಎದುರು ನಿಂತು, ಕತ್ತು ಕೆಳಗಿದ್ದ ಬಾಟಲಿಯನ್ನು ಮೇಲಕ್ಕೆ ತಿರುಗಿಸುತ್ತಿರುವಾಗಲೇ ಇಕ್ಕಳದಿಂದ ಮುಚ್ಚಳ ಎಳೆದಳು. ಢಬ್ ಎಂದು ಗಸಿಯೆಲ್ಲ ಪೀಪಾಯಿಗೆ ಹಾರಿತು. ಹೆಬ್ಬೆರಳಿನಿಂದ ಬಾಯಿ ಅದುಮಿ ಹಿಡಿದು, ಎದ್ದ ನೊರೆ ಇಳಿದ ಮೇಲೆ, ಉದ್ದನೆಯ ಒಂದೇ ಒಂದು ಗ್ಲಾಸಿಗೆ ಸುರಿದಳು. ಮೂರು ವರ್ಷ ಕತ್ತಲಲ್ಲಿದ್ದದ್ದು ಈಗ ಹೊಂಬಣ್ಣಕ್ಕೆ ಮಿನುಗುತ್ತ ಸಣ್ಣಗೆ ಚಿರ್ ಎನ್ನುತ್ತಿತ್ತು. ಇಲ್ಲಿಯ ಪದ್ಧತಿ ಇದು, ಒಂದೇ ಗ್ಲಾಸು, ಕೈಯಿಂದ ಕೈಗೆ ಹೋಗುತ್ತದೆ ಎಂದಳು. ಮೊದಲು ಸಾಸಿವೆಯವರು.

ಜಯಂತ ಬೀರು ಕುಡಿದಿದ್ದ, ಆಫೀಸಿನ ಪಾರ್ಟಿಗಳಲ್ಲಿ ವೈನನ್ನೂ ಕುಡಿದಿದ್ದ, ತನ್ನ ಗ್ಲಾಸಿನಲ್ಲಿ, ತುಟಿಯಿಟ್ಟು, ಎಲ್ಲರಂತೆ. ಆದರೆ ಒಂದೇ ಗ್ಲಾಸು ಕೈಯಿಂದ ಕೈಗೆ ಹೋಗಬೇಕು, ತನ್ನ ನಂತರ ಸರೋಜಾ ಇದ್ದಾಳೆ, ದಾಕ್ಷಾಯಣಿ ಇದ್ದಾಳೆ ಎಂದಾಗ ನಿರ್ಧಾರ ಮಾಡಿದ್ದು ಅವನ ತಲೆಯಲ್ಲ. ಹಂಚಿಕೊಂಡು ಕುಡಿಯುವ ಪಾತ್ರೆಗೆ ತುಟಿ ತಗಲಬಾರದು ಎಂದು ಐದನೆಯ ವರ್ಷದಲ್ಲಿ ಕಲಿತ ಕೈ ತಾನೇ ಮೇಲೆದ್ದಿತು. ತಲೆ ಹಿಂದಕ್ಕೆ ಬಾಗಿತು, ಬಾಯಿ ತೆರೆಯಿತು, ಗ್ಲಾಸು ಗೇಣುದ್ದ ಮೇಲಿನಿಂದ ಬಗ್ಗಿತು. ಅವನು ಎತ್ತಿ ಕುಡಿದ.

ಒಳಗೆ ಹೋದದ್ದು ನೀರಾಗಿದ್ದರೆ ಇಳಿದುಹೋಗುತ್ತಿತ್ತು. ಇದು ಗಂಟಲಿಗೆ ಬಡಿದು ಹತ್ತು ಪಾಲು ನೊರೆಯಾಗಿ ಎದ್ದಿತು. ಬಾಯಿ ಸಾಲದೆ ಮೂಗಿಗೆ ನುಗ್ಗಿತು. ಕೆನ್ನೆಯ ಮೇಲೆ, ಕಿವಿಯೊಳಗೆ, ಇಸ್ತ್ರಿ ಮಾಡಿದ ಅಂಗಿಯ ಕಾಲರಿನ ಒಳಗೆ ಇಳಿಯಿತು. ಅವನು ಸೀನಿದ, ಕೆಮ್ಮಿದ, ಮತ್ತೆ ಸೀನಿದ, ಸುರಂಗದ ಆ ತುದಿಯಿಂದ ಅವನ ಸೀನು ವಾಪಸು ಬಂತು. ಮಹಾಂತಪ್ಪ “ಅಯ್ಯಯ್ಯ, ಹಿಡೀರಿ, ಹಿಡೀರಿ” ಎನ್ನುತ್ತ ಹಿಡಿದದ್ದು ಗ್ಲಾಸನ್ನು. ಮತ್ತು ಈ ಗಲಭೆಯ ನಟ್ಟನಡುವೆ ಜಯಂತ ಅಲುಗಾಡದೆ ನಿಂತುಬಿಟ್ಟ. ಮೂಗಿನೊಳಗೆ ಏನೋ ನಡೆಯುತ್ತಿತ್ತು. ವಾಸನೆಯಲ್ಲ. ಹುಳಿ ಹಿಟ್ಟೂ ಇಲ್ಲ, ಸುಣ್ಣವೂ ಇಲ್ಲ. ಆದರೆ ಸಾವಿರ ಸಣ್ಣ ಸೂಜಿಗಳು ಒಳಗಿನ ಗೋಡೆಯನ್ನು ಚುಚ್ಚುತ್ತಿದ್ದವು, ಉರಿಯುತ್ತಿತ್ತು, ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಇದು ಚರ್ಮದ ನರದ ಕೆಲಸ, ವಾಸನೆಯ ನರದ್ದಲ್ಲ ಎಂದು ಅವನೊಳಗಿನ ಇಂಜಿನಿಯರ್ ಸರಿಯಾಗಿಯೇ ಹೇಳಿದ. ಆ ಸರಿಯಾದ ಮಾತಿನಿಂದ ಸಂತೋಷ ಒಂದು ಎಳೆಯೂ ಕಡಿಮೆಯಾಗಲಿಲ್ಲ. ನಾಲ್ಕು ವರ್ಷ ಬೀಗ ಹಾಕಿದ್ದ ಮನೆಯೊಳಗಿಂದ ಯಾರೋ ಕದ ಬಡಿಯುತ್ತಿದ್ದರು. ಮನೆ ಇನ್ನೂ ಇದೆ ಎಂದಾಯಿತು. ಅವನು ನಗತೊಡಗಿದ. ಮೂಗಿನಿಂದ, ಕಣ್ಣಿನಿಂದ, ಗಡ್ಡದಿಂದ ವೈನು ತೊಟ್ಟಿಕ್ಕುತ್ತಿರಲು ನಗುತ್ತಲೇ, ಕೊಲಂಬಸ್‌ನಲ್ಲೂ ಲಾ ಗ್ರೇಂಜ್‌ನಲ್ಲೂ ಬಾರದ ಮಾತು ಬಂದುಬಿಟ್ಟಿತು.

“ಸರೋಜಾ, ನನಗೆ ವಾಸನೆ ಬರಲ್ಲ ಕಣೇ. ಏನೂ ಬರಲ್ಲ. ನಾಲ್ಕು ವರ್ಷ ಆಯ್ತು.”

ಲೊರೇನ್‌ಗೆ ಮಾತು ತಿಳಿಯಲಿಲ್ಲ. ಟವೆಲ್ ಹಿಡಿದು ಬಂದವಳು ಸರೋಜಾಳ ಮುಖ ನೋಡಿ ಅಲ್ಲೇ ನಿಂತಳು. ಮಹಾಂತಪ್ಪ ಗ್ಲಾಸಿನೊಳಕ್ಕೆ ನೋಡಿದ.

“ಯಾವಾಗಿಂದ?” ಎಂದಳು ಸರೋಜಾ.

“ಜ್ವರ ಬಂತಲ್ಲ, ಆಗಿಂದ. ಇಪ್ಪತ್ತೊಂದನೇ ಇಸವಿ ಜನವರಿ.”

“ಆಗಲೇ ನಾನು ಮೊದಲ ಸಲ ಗೊಜ್ಜು ತಂದುಕೊಟ್ಟದ್ದು.”

“ಅದು ಆಮೇಲೆ. ಎಂಟನೇ ದಿನ.”

“ಪಕ್ಕದ್ಮನೆ ಪ್ರಗತಿ ಮದುವೆಗೆ ಮಾಡಿದ್ದು? ಮೆಂತ್ಯ ಒಂದು ಗುಲಗಂಜಿ ಮುಂದಿದೆ, ಆದ್ರೂ ಘಮ ಅಂದ್ರಿ.”

“ಬರೀ ಘಮ ಅಂದ್ರೆ ನೀನು ನಂಬಲ್ಲ ಅಂತ ಮೆಂತ್ಯ ಸೇರಿಸಿದೆ.”

“ಮೊನ್ನೆ ಎಣ್ಣೆ?”

ಅವನು ಟವೆಲ್ಲಿಗಾಗಿ ಕೈ ಚಾಚಿದ. ಅವಳು ತಿರುಗಿ ಮೆಟ್ಟಿಲು ಹತ್ತತೊಡಗಿದಳು.

ನಲವತ್ತೊಂದು ಮೆಟ್ಟಿಲೂ ಅವಳ ಬೆನ್ನು ನೋಡುತ್ತ ಹತ್ತಿದ. ಹಿಂದೆ ಮಹಾಂತಪ್ಪ ದಂಪತಿ ಬರುತ್ತಿದ್ದರು, ಲೊರೇನ್ ಕೊಟ್ಟ ಬಾಟಲಿಯ ಉಳಿಕೆ ಮಹಾಂತಪ್ಪನ ಕೈಯಲ್ಲಿತ್ತು. ಮೇಲೆ ಬಿಸಿಲು ಕಣ್ಣು ಕುಕ್ಕಿತು. ಸರೋಜಾ ಕಾರಿನ ಹಿಂದೆ ನಿಂತು ಕೈ ಮಾಡಿದಳು. ಅವನು ಜೇಬಿನಲ್ಲಿದ್ದ ಕೀ ಒತ್ತಿದ. ಡಿಕ್ಕಿ ನಿಧಾನವಾಗಿ ತಾನೇ ಮೇಲೆದ್ದಿತು. ಅವಳು ಒಂದು ಜಾಡಿಯ ಟವೆಲ್ ಬಿಚ್ಚಿದಳು. ಮೇಲೆ ಬೆರಳಷ್ಟು ದಪ್ಪ ಎಣ್ಣೆ ನಿಂತು ಹೊಳೆಯುತ್ತಿತ್ತು.

“ಕೊಡ್ರಿ ಅಕ್ಕಾರ, ನಾ ತಿಂದು ಹೇಳತೀನಿ,” ಎಂದ ಮಹಾಂತಪ್ಪ. “ನಾಕ್ ವರ್ಷ ತಿಂದೀವಿ, ಇನ್ನೂ ಗಟ್ಟಿಮುಟ್ಟಾಗೇ ಅದೀವಲ್ರಿ.”

“ಸುಮ್ನಿರ್ರಿ,” ಎಂದಳು ದಾಕ್ಷಾಯಣಿ.

“ನಾಲ್ಕು ವರ್ಷ ದೇವರ ಮುಂದೆ ಇಟ್ಟೆ ಅಂದ್ಕೋತೀನಿ,” ಎಂದಳು ಸರೋಜಾ, ಜಾಡಿಯನ್ನು ನೋಡುತ್ತ. ಧ್ವನಿ ನಡುಗುತ್ತಿತ್ತು, ಅಳುವೋ ಸಿಟ್ಟೋ ಎಂದು ಜಯಂತ ಅವಳ ಭುಜಗಳನ್ನು ನೋಡಿದ. “ಅವನೂ ಹೀಗೇ, ಮೂಸಲ್ಲ, ತಿನ್ನಲ್ಲ, ಸುಮ್ಮನೆ ಕೂತಿರ್ತಾನೆ. ಆದ್ರೆ ಪಾಪ, ಘಮ ಘಮ ಅಂತ ಸುಳ್ಳು ಹೇಳಲ್ಲ. ಮೆಂತ್ಯ ಒಂದು ಗುಲಗಂಜಿ ಮುಂದಿದೆ ಅಂತ ಯಾವ ದೇವರು ಹೇಳ್ತಾನೆ ರೀ?” ಭುಜ ಅಲುಗತೊಡಗಿದವು. ಅವಳು ತಿರುಗಿ ಅವನ ಒದ್ದೆ ಅಂಗಿಯನ್ನು, ಕಿವಿಯಲ್ಲಿ ಇನ್ನೂ ಉಳಿದಿದ್ದ ನೊರೆಯನ್ನು ನೋಡಿದಳು, ಮತ್ತು ತಡೆಯಲಾರದೆ ಡಿಕ್ಕಿಯ ಅಂಚು ಹಿಡಿದುಕೊಂಡು ನಕ್ಕಳು. “ಅಲ್ಲಿ ಸಾಸಿವೆ ಅಂದ್ರಲ್ಲ. ಆ ಹೆಂಗಸು ಬರ್ಕೊಂಡಳು.”

“ನನಗೂ ಬಂದಂಗಾಗಿತ್ರಿ,” ಎಂದಳು ದಾಕ್ಷಾಯಣಿ, ಸಂಕೋಚದಿಂದ.

ನಗು ಇಳಿದ ಮೇಲೆ ಸರೋಜಾ ಮುಚ್ಚಳ ತಿರುಗಿಸಿದಳು. ಟಕ್ ಎಂದಿತು. ಒಂದು ಕ್ಷಣ ತಡೆದಳು. ಐವತ್ತೊಂದು ವರ್ಷದಲ್ಲಿ ಮಾಡದ ಕೆಲಸಕ್ಕೆ ಮುನ್ನ ಜನ ಹಾಗೆ ತಡೆಯುತ್ತಾರೆ. ಆಮೇಲೆ ಜಾಡಿಯನ್ನು ಎರಡೂ ಕೈಯಲ್ಲಿ ಎತ್ತಿ, ಕಣ್ಣು ಮುಚ್ಚಿ, ಲೊರೇನ್ ಹೇಳಿಕೊಟ್ಟ ಹಾಗೆ ಮೂರು ಸಲ ನಿಧಾನವಾಗಿ ಉಸಿರೆಳೆದುಕೊಂಡಳು. ಪಕ್ಕದ ಕಾರಿನವರು ಬಾಗಿಲು ತೆರೆದು ಹತ್ತಿ ಹೊರಟುಹೋದರು.

“ಕಮಟಿಲ್ಲ,” ಎಂದಳು. ಕಣ್ಣು ತೆರೆಯಲಿಲ್ಲ. “ಮೊದಲು ಇಂಗು ಬರುತ್ತೆ. ಎದುರಿಗೇ, ಜಗಳಕ್ಕೆ ನಿಂತ ಹಾಗೆ. ಅದರ ಹಿಂದೆ ಹುಣಿಸೆ. ಎಳ್ಳು ಹುರಿದದ್ದು ಸರಿಯಾಗಿದೆ, ಕೆಂಪಗೆ. ಕೊಬ್ಬರಿ ಎಲ್ಲೋ ದೂರದಲ್ಲಿದೆ. ಮೆಂತ್ಯ...” ಇನ್ನೊಮ್ಮೆ ಎಳೆದುಕೊಂಡಳು. “ಮೆಂತ್ಯ ಹದವಾಗಿದೆ. ಎಷ್ಟು ಚೆನ್ನಾಗಿ ಮಾಡ್ತೀನಿ ರೀ ನಾನು.” ಕೊನೆಯ ಮಾತನ್ನು ಅವಳು ಜಂಬಕ್ಕೆ ಹೇಳಲಿಲ್ಲ, ಬೇರೆ ಯಾರದೋ ಅಡುಗೆಯನ್ನು ಮೊದಲ ಸಲ ಉಂಡವರ ಬೆರಗಿನಲ್ಲಿ ಹೇಳಿದಳು.

ಜಯಂತ ಅವಳ ಮಾತುಗಳನ್ನು ತಿರುಗಿಸಿ ಹೇಳಲಿಲ್ಲ. ಹೌದು ಎನ್ನಲಿಲ್ಲ. ಒಂದೊಂದನ್ನೂ ಕೇಳುತ್ತ ನಿಂತ. ಅವಳು ಕಣ್ಣು ತೆರೆದು ಜಾಡಿಯನ್ನು ಅವನ ಕಡೆ ಚಾಚಿದಳು. ಎಂದಿನ ಹಾಗೆ.

“ನಾಲಿಗೆ ಇದೆ ತಾನೇ?”

“ಇದೆ.”

“ಹಾಗಾದ್ರೆ ನೋಡಿ ಹೇಳಿ.”

ಬೆರಳಿನ ತುದಿಯಲ್ಲಿ ತೆಗೆದು ನಾಲಿಗೆಗಿಟ್ಟ. ಹುಳಿ ಬಂತು, ಬೆಲ್ಲ ಬಂತು, ಕೊನೆಗೆ ಖಾರ ಗಂಟಲ ಹಿಂಬದಿ ಹಿಡಿಯಿತು. ನಡುವೆ ಇನ್ನೊಂದಿತ್ತು. ನಾಲ್ಕು ವರ್ಷದಿಂದ ಅವನಿಗೆ ಅದು ಆಗಾಗ ಸಿಗುತ್ತಿತ್ತು, ಹೇಳಿದರೆ ಇನ್ನೊಂದು ಪ್ರಶ್ನೆ ಬಂದೀತೆಂದು ನುಂಗುತ್ತಿದ್ದ.

“ಉಪ್ಪು ಹೆಚ್ಚಾಗಿದೆ,” ಎಂದ.

ಸರೋಜಾ ಬೆರಳಿಟ್ಟು ತಾನೂ ನೆಕ್ಕಿದಳು. “ಹೆಚ್ಚಿಲ್ಲ.”

“ಹೆಚ್ಚಿದೆ ಕಣೇ.”

“ಇದು ಗೊಜ್ಜು. ಅನ್ನಕ್ಕೆ ಕಲಸಿದ್ಮೇಲೆ ಸರಿಹೋಗುತ್ತೆ.”

“ಕಲಸಿದ ಮೇಲೂ ಹೆಚ್ಚೇ. ಹೋದ ವರ್ಷದ್ದೂ ಹೆಚ್ಚಿತ್ತು.”

“ಹೋದ ವರ್ಷದ್ದೂನಾ?” ಎಂದಳು ಸರೋಜಾ, ಸೊಂಟದ ಮೇಲೆ ಕೈಯಿಟ್ಟು, ಕಣ್ಣು ಅಗಲಿಸಿ, ಇಪ್ಪತ್ತಾರು ವರ್ಷದಲ್ಲಿ ಅವಳಿಗೆ ಇಷ್ಟು ಸಂತೋಷ ಕೊಟ್ಟ ಜಗಳ ಇನ್ನೊಂದಿರಲಿಲ್ಲ ಎಂಬಂತೆ. ಮಹಾಂತಪ್ಪ ಮತ್ತು ದಾಕ್ಷಾಯಣಿ ತೆರೆದ ಆ ಒಂದನ್ನು ಬಿಟ್ಟು ನಲವತ್ತೇಳು ಜಾಡಿಗಳನ್ನು ಈ ಡಿಕ್ಕಿಯಿಂದ ಆ ಡಿಕ್ಕಿಗೆ ದಾಟಿಸಿ ಮುಗಿಸಿದರೂ ಅದು ಮುಗಿಯಲಿಲ್ಲ. ಆಸ್ಟಿನ್ ದಾಟುವಾಗಲೂ ನಡೆದಿತ್ತು, ಲಾ ಗ್ರೇಂಜ್‌ನ ನೀಲಿ ಹೂಗಳ ನಡುವೆಯೂ.